ವಿಭಾಗಗಳ ಗುರಿ ಒಂದಕ್ಕೊಂದು ಅಡ್ಡ ಬಂದಾಗ: ಮ್ಯಾನೇಜರ್ ಮಾತು ಎಲ್ಲಿಂದ ಶುರುವಾಗಬೇಕು?

"ಶುಕ್ರವಾರ ಮಾಲು ಹೋಗಲೇಬೇಕು ಅಂತಾರೆ ಸೇಲ್ಸ್‌ನವರು. ಕ್ವಾಲಿಟಿಯವರು ಸಹಿ ಹಾಕಲ್ಲ. ಪ್ರೊಡಕ್ಷನ್‌ನವರನ್ನ ಕೇಳಿದರೆ ಮಷಿನ್ ಖಾಲಿ ಇಲ್ಲ ಅಂತಾರೆ. ಇವರನ್ನೆಲ್ಲ ಹೇಗೆ ಒಂದು ದಾರಿಗೆ ತರೋದು?" ಹೊಸದಾಗಿ ಮ್ಯಾನೇಜರ್ ಆದವರು ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಗಾರ್ಮೆಂಟ್ಸ್ ಇರಲಿ, ಆಸ್ಪತ್ರೆ ಇರಲಿ, ಸಾಫ್ಟ್‌ವೇರ್ ಕಂಪನಿ ಇರಲಿ, ವಿಭಾಗಗಳ ಹೆಸರು ಬದಲಾಗುತ್ತದೆ, ತೊಡಕು ಅದೇ.

ನನ್ನ ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಜಗಳಗಳಲ್ಲಿ ಬಹುಪಾಲು ಸ್ವಭಾವದಿಂದ ಹುಟ್ಟಿದವಲ್ಲ. ಕಂಪನಿಯೇ ಒಬ್ಬೊಬ್ಬರ ಕೈಗೆ ಒಂದೊಂದು ಅಳತೆ ಕೊಟ್ಟಿರುತ್ತದೆ, ಎಲ್ಲರೂ ತಮ್ಮ ತಮ್ಮ ಅಳತೆಗೆ ಪ್ರಾಮಾಣಿಕವಾಗಿ ನಡೆದುಕೊಳ್ಳುತ್ತಿರುತ್ತಾರೆ. ಹಾಗಾಗಿ "ಎಲ್ಲರೂ ಹೊಂದಿಕೊಂಡು ಹೋಗಿ" ಎಂದು ಹೇಳಿದರೆ ಏನೂ ಆಗುವುದಿಲ್ಲ. ಒಬ್ಬರ ಅಳತೆ ಇನ್ನೊಬ್ಬರ ಕಣ್ಣಿಗೆ ಬೀಳುವಂತೆ ಮಾಡಬೇಕು. ಆಮೇಲೆ, ಯಾವುದನ್ನು ಹಿಡಿದೆವು, ಯಾವುದನ್ನು ಬಿಟ್ಟೆವು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಈ ಎರಡನ್ನು ಮಾಡುವ ಕ್ರಮವನ್ನೇ ಕೆಳಗೆ ಬರೆದಿದ್ದೇನೆ.

ಉದಾಹರಣೆಗೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಮಷಿನಿಂಗ್ ಘಟಕವನ್ನು ಕಲ್ಪಿಸಿಕೊಳ್ಳಿ. ವಾಹನ ತಯಾರಕರಿಗೆ ಬಿಡಿಭಾಗ ಮಾಡಿಕೊಡುವ ಕಂಪನಿ. 2000 ಪೀಸ್‌ಗಳ ಆರ್ಡರ್, ಶುಕ್ರವಾರ ಡಿಸ್ಪ್ಯಾಚ್, ಅದೂ ತಿಂಗಳ ಕೊನೆ. 1700 ಪೀಸ್ ಸರಿಯಾಗಿವೆ. ಉಳಿದ 300ರಲ್ಲಿ ಬೋರ್, ಅಂದರೆ ಒಳವ್ಯಾಸ, ಡ್ರಾಯಿಂಗ್‌ನಲ್ಲಿ ಇರುವುದಕ್ಕಿಂತ ಕೊಂಚ ಬಿಗಿಯಾಗಿದೆ ಎಂದು ಕ್ವಾಲಿಟಿಯವರು ತಡೆಹಿಡಿದಿದ್ದಾರೆ. ರೀವರ್ಕ್ ಮಾಡಬಹುದು, ಅಂದರೆ ಮತ್ತೆ ಮಷಿನ್‌ಗೆ ಹಾಕಿ ಸರಿಪಡಿಸಬಹುದು. ಆದರೆ ಆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷಿನ್ ಮೇಲೆ ಈಗಾಗಲೇ ಬೇರೆ ಜಾಬ್, ಅಂದರೆ ಬೇರೆ ಆರ್ಡರ್‌ನ ಕೆಲಸ, ಕೂತಿದೆ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದವು

ಪ್ರತಿ ವಿಭಾಗಕ್ಕೆ ಈ ವರ್ಷ ಕೊಟ್ಟಿರುವ ಟಾರ್ಗೆಟ್‌ಗಳ ಪಟ್ಟಿ. ಕಳೆದ ಕೆಲವು ತಿಂಗಳಲ್ಲಿ ದೊಡ್ಡದಾದ ಜಗಳಗಳ ಪಟ್ಟಿ, ಒಂದೊಂದಕ್ಕೆ ಒಂದೇ ಸಾಲು ಸಾಕು. ಇವೆರಡರ ಜೊತೆಗೆ ಒಂದು ಸ್ಪಷ್ಟತೆಯೂ ಬೇಕು: ನಿಮ್ಮ ಮಟ್ಟದಲ್ಲೇ ಏನನ್ನು ತೀರ್ಮಾನಿಸಬಹುದು, ಯಾವುದಕ್ಕೆ ಮೇಲಿನವರ ಒಪ್ಪಿಗೆ ಬೇಕು? ಇದು ಗೊತ್ತಿಲ್ಲದೆ ಸಭೆ ಕರೆದರೆ, ಎಲ್ಲರೂ ಒಪ್ಪಿದ ಮಾತನ್ನು ಮರುದಿನ ಎಂಡಿ (ಮ್ಯಾನೇಜಿಂಗ್ ಡೈರೆಕ್ಟರ್) ಒಂದು ಫೋನ್‌ನಲ್ಲಿ ಅಳಿಸಿಹಾಕುತ್ತಾರೆ. ಮುಂದಿನ ಸಭೆಗೆ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

1. ಯಾರನ್ನು ಯಾವುದರಿಂದ ಅಳೆಯುತ್ತಾರೆ ಎಂದು ಬರೆದಿಡಿ

ಒಂದೇ ಹಾಳೆ ತೆಗೆದುಕೊಳ್ಳಿ. ಎಡಗಡೆ ವಿಭಾಗ, ನಡುವೆ ಅದರ ಕೆಪಿಐ, ಬಲಗಡೆ ಆ ಅಳತೆ ಅವರಿಂದ ಏನು ಮಾಡಿಸುತ್ತದೆ ಎಂಬುದು. ಕೆಪಿಐ ಎಂದರೆ ಕೆಲಸ ಚೆನ್ನಾಗಿ ಆಗಿದೆಯೋ ಇಲ್ಲವೋ ಎಂದು ನೋಡಲು ಕಂಪನಿ ಇಟ್ಟುಕೊಂಡ ಮುಖ್ಯ ಅಂಕಿ.

ಪ್ರೊಡಕ್ಷನ್‌ಗೆ ಶಿಫ್ಟ್‌ಗೆ ಎಷ್ಟು ಪೀಸ್ ಎಂಬುದೇ ಲೆಕ್ಕ. ಒಂದು ಜಾಬ್ ಇಳಿಸಿ ಇನ್ನೊಂದನ್ನು ಕೂರಿಸುವ ಸೆಟ್ಟಿಂಗ್ ಕೆಲಸಕ್ಕೆ ಹೋದ ಸಮಯದಲ್ಲಿ ಪೀಸ್ ಬರುವುದಿಲ್ಲ. ಹಾಗಾಗಿ ಒಂದೇ ಜಾಬನ್ನು ದೊಡ್ಡ ಬ್ಯಾಚ್‌ನಲ್ಲಿ ಓಡಿಸುವುದು ಅವರಿಗೆ ಇಷ್ಟ. ಫೈನಾನ್ಸ್‌ಗೆ ಸ್ಟೋರ್ಸ್‌ನಲ್ಲಿ ಕೂತ ಮಾಲು ಕಡಿಮೆಯಾಗಬೇಕು, ದುಡ್ಡು ಬೇಗ ಓಡಾಡಬೇಕು. ದೊಡ್ಡ ಬ್ಯಾಚ್ ಅವರಿಗೆ ಬೇಡ. ಕ್ವಾಲಿಟಿಯವರನ್ನು ಅಳೆಯುವುದು ಗ್ರಾಹಕರಿಂದ ಬರುವ ದೂರಿನಿಂದ. ಮಾಲು ತಡವಾದರೆ ಅವರ ಅಂಕಿ ಕೆಡುವುದಿಲ್ಲ, ಕೆಟ್ಟ ಪೀಸ್ ಹೋದರೆ ಕೆಡುತ್ತದೆ. ಸೇಲ್ಸ್‌ಗೆ ಆರ್ಡರ್ ಮೊತ್ತ ಮತ್ತು ಹೇಳಿದ ದಿನಕ್ಕೆ ತಲುಪಿಸಿದ್ದು. ಎಚ್‌ಆರ್‌ಗೆ ಓಟಿ ಖರ್ಚು, ಯಾಕೆಂದರೆ ಓವರ್‌ಟೈಮ್‌ಗೆ ದುಪ್ಪಟ್ಟು ದರದಲ್ಲಿ ಕೂಲಿ ಕೊಡಬೇಕೆಂಬುದು ಕಾನೂನು.

ಈ ಹಾಳೆ ಮುಗಿಯುವಷ್ಟರಲ್ಲಿ ನಿಮ್ಮ ಜಗಳಗಳ ಪಟ್ಟಿಯ ಅರ್ಧಕ್ಕೆ ಕಾರಣ ಸಿಕ್ಕಿರುತ್ತದೆ. ಯಾರು ಹಟಮಾರಿ, ಯಾರು ಒಳ್ಳೆಯವರು ಎಂಬ ಲೆಕ್ಕಾಚಾರ ಇಲ್ಲಿಗೆ ಬಿಡಿ. ಆ ಕುರ್ಚಿಯಲ್ಲಿ ಬೇರೆ ಯಾರು ಕೂತಿದ್ದರೂ ಹೆಚ್ಚುಕಡಿಮೆ ಹಾಗೆಯೇ ಮಾತಾಡುತ್ತಿದ್ದರು.

2. ಸಭೆಗೆ ಮೊದಲು ಒಬ್ಬೊಬ್ಬರನ್ನೇ ಮಾತಾಡಿಸಿ

ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿದರೆ ಸರಿಹೋಗುತ್ತದೆ ಎಂದು ಹೊಸ ಮ್ಯಾನೇಜರ್‌ಗಳು ನಂಬುತ್ತಾರೆ. ನಮ್ಮ ಕಡೆಯ ಶಾಪ್ ಫ್ಲೋರ್‌ಗಳಲ್ಲಿ, ಅಂದರೆ ಮಷಿನ್ ಓಡುವ ಜಾಗಗಳಲ್ಲಿ, ಇದು ನಡೆಯುವುದು ಕಷ್ಟ. ಹಿರಿಯರ ಎದುರು ಕಿರಿಯರು ಬಾಯಿ ಬಿಡುವುದಿಲ್ಲ. ಬೇರೆ ವಿಭಾಗದವರ ಮುಂದೆ ತಮ್ಮ ಇಕ್ಕಟ್ಟು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ. ಟೊಯೋಟಾದಂಥ ಜಪಾನಿನ ಕಂಪನಿಗಳಲ್ಲಿ, ಔಪಚಾರಿಕ ಸಭೆಗೆ ಮೊದಲೇ ಸಂಬಂಧಪಟ್ಟ ಪ್ರತಿಯೊಬ್ಬರ ಹತ್ತಿರ ಹೋಗಿ ಮಾತಾಡಿ ಬರುವುದು ಕೆಲಸದ ಒಂದು ಭಾಗವೇ ಆಗಿದೆ. ನೆಮವಾಶಿ ಎಂದು ಅದನ್ನು ಕರೆಯುತ್ತಾರೆ. ನಾವೂ ಇದನ್ನು ಕಲಿಯಬೇಕು.

ಇಲ್ಲಿ ನೀವು ಕೇಳುವ ಪ್ರಶ್ನೆಯ ರೂಪವೇ ಮುಖ್ಯ. "ಶುಕ್ರವಾರ ಆಗುತ್ತಾ?" ಎಂದು ಸೂಪರ್‌ವೈಸರ್‌ನನ್ನು ಕೇಳಿದರೆ ಉತ್ತರ ಗೊತ್ತೇ ಇದೆ: "ಆಗುತ್ತೆ ಸರ್." ಇಲ್ಲವೆಂದರೆ "ನೋಡ್ತೀವಿ ಸರ್", "ಟ್ರೈ ಮಾಡ್ತೀವಿ ಸರ್." ಈ ಮೂರೂ ಮಾತುಗಳಿಗೆ ಬೇರೆ ಬೇರೆ ಅರ್ಥವಿದೆ ಎಂಬುದು ಶಾಪ್ ಫ್ಲೋರ್‌ನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಗೊತ್ತು. ಕ್ಯಾಬಿನ್‌ನಲ್ಲಿ ಕೂತವರು ಮಾತ್ರ ಮೂರನ್ನೂ 'ಹೌದು' ಎಂದೇ ಬರೆದುಕೊಳ್ಳುತ್ತಾರೆ. ಗೌರವಕ್ಕೆ ಹೇಳಿದ ಮಾತನ್ನು ವಾಗ್ದಾನ ಎಂದು ತಿಳಿದು ಸೇಲ್ಸ್‌ನವರು ಗ್ರಾಹಕರಿಗೆ ದಿನಾಂಕ ಕೊಟ್ಟುಬಿಡುತ್ತಾರೆ. ದೊಡ್ಡ ಜಗಳಗಳ ಬೇರು ಎಷ್ಟೋ ಸಲ ಈ ಒಂದು "ಆಗುತ್ತೆ ಸರ್"ನಲ್ಲಿರುತ್ತದೆ.

ಹೌದು-ಇಲ್ಲ ಎನ್ನಲು ಅವಕಾಶವೇ ಇಲ್ಲದ ಹಾಗೆ ಕೇಳಿ:

"ಶುಕ್ರವಾರ ಹೋಗಬೇಕಾದರೆ ಅದಕ್ಕೆ ಮೊದಲು ಏನೇನು ಮುಗಿದಿರಬೇಕು?"
"ಯಾವುದು ಕೈಕೊಟ್ಟರೆ ನಿಂತುಹೋಗುತ್ತದೆ?"
"ಇದನ್ನು ಮಾಡಿದರೆ ಬೇರೆ ಯಾವ ಜಾಬ್ ಹಿಂದೆ ಬೀಳುತ್ತದೆ?"

ಎರಡನೆಯ ಕೆಲಸ, ಬೇಡಿಕೆಯ ಹಿಂದಿರುವ ಕಾರಣವನ್ನು ಹುಡುಕುವುದು. ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರ ಹೊತ್ತಿಗೇ ಇದನ್ನು ಸ್ಪಷ್ಟವಾಗಿ ಹೇಳಿದ್ದರು. ತಿಕ್ಕಾಟ ಮುಗಿಸಲು ಅವರ ಪ್ರಕಾರ ಮೂರು ದಾರಿಗಳು: ಒಬ್ಬರು ಇನ್ನೊಬ್ಬರ ಮೇಲೆ ಹೇರುವುದು, ಇಬ್ಬರೂ ಅರ್ಧರ್ಧ ಬಿಟ್ಟುಕೊಡುವುದು, ಇಬ್ಬರ ನಿಜವಾದ ಅಗತ್ಯವೂ ಈಡೇರುವ ಹೊಸ ದಾರಿ ಹುಡುಕುವುದು. ಅವರೇ ಕೊಟ್ಟ ಉದಾಹರಣೆಯಲ್ಲಿ, ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಇನ್ನೊಬ್ಬರಿಗೆ ಮುಚ್ಚಬೇಕು. ಒಬ್ಬರಿಗೆ ಬೇಕಿದ್ದದ್ದು ಗಾಳಿ. ಇನ್ನೊಬ್ಬರಿಗೆ ಮೈಮೇಲೆ ನೇರ ಗಾಳಿ ಬೀಸಬಾರದಿತ್ತು, ಅಷ್ಟೇ. ಕೊನೆಗೆ ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಕಿಟಕಿ ಅರ್ಧ ತೆರೆದಿದ್ದರೆ ಇಬ್ಬರಿಗೂ ಸಮಾಧಾನ ಇರುತ್ತಿರಲಿಲ್ಲ.

ಕಾರಣ ಕೇಳದೆ ಹೋದರೆ ಎಂಥ ತಪ್ಪು ತಿಳಿವಳಿಕೆ ಆಗುತ್ತದೆ ಎಂಬುದಕ್ಕೆ ಫೈನಾನ್ಸ್‌ನವರೇ ಸಾಕ್ಷಿ. "ಆ ಸಣ್ಣ ಸಪ್ಲೈಯರ್‌ಗೆ ಈ ವಾರವೇ ದುಡ್ಡು ಹೋಗಬೇಕು, ನಿಮ್ಮ ಟೂಲಿಂಗ್ (ಮಷಿನ್‌ಗೆ ಬೇಕಾದ ಉಪಕರಣ) ಖರೀದಿ ಮುಂದಿನ ತಿಂಗಳು" ಎಂದು ಅವರು ಅಂದರೆ ಪ್ರೊಡಕ್ಷನ್‌ನವರಿಗೆ ಅದು ಮೊಂಡುತನ. ಆದರೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನಗಳೊಳಗೆ. ಆ ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು ಎಂಬ ಆದಾಯ ತೆರಿಗೆ ನಿಯಮ 2024-25ರ ಮೌಲ್ಯಮಾಪನ ವರ್ಷದಿಂದ ಬಂದಿದೆ. ತಡ ಮಾಡಿದರೆ ಆ ವರ್ಷ ಕಂಪನಿ ಕಟ್ಟುವ ತೆರಿಗೆ ಹೆಚ್ಚುತ್ತದೆ. ಇದನ್ನು ಪ್ರೊಡಕ್ಷನ್‌ನವರಿಗೆ ಯಾರಾದರೂ ಬಿಡಿಸಿ ಹೇಳಿದ್ದಾರೆಯೇ? ಬಹಳಷ್ಟು ಕಡೆ ಇಲ್ಲ.

ಎಚ್ಚರ: ಒಬ್ಬೊಬ್ಬರ ಜೊತೆ ಮಾತಾಡುವಾಗ ಯಾರಿಗೂ ಗುಟ್ಟಾಗಿ ಮಾತು ಕೊಡಬೇಡಿ. "ನಿಮ್ಮ ಕಡೆ ನಾನಿದ್ದೀನಿ" ಎಂದು ಇಬ್ಬರಿಗೂ ಹೇಳಿದ ಮ್ಯಾನೇಜರ್ ಮೂರನೆಯ ದಿನಕ್ಕೆ ಇಬ್ಬರಿಗೂ ಬೇಡವಾಗುತ್ತಾನೆ. "ನೀವು ಹೇಳಿದ್ದರಲ್ಲಿ ಯಾವುದನ್ನು ಸಭೆಯಲ್ಲಿ ಹೇಳಬಹುದು?" ಎಂದು ಕೇಳಿಯೇ ಹೊರಡಿ.

3. ಸಭೆಯಲ್ಲಿ ಅಡ್ಡಿ ಹೇಳುವವರಿಗೆ ಮೊದಲು ಅವಕಾಶ ಕೊಡಿ

ಮೊದಲನೇ ಹಂತದ ಹಾಳೆಯನ್ನು ಎಲ್ಲರ ಮುಂದಿಡಿ. ಬೋರ್ಡ್ ಮೇಲೆ ಬರೆದರೂ ಸರಿ. ಪ್ರತಿ ವಿಭಾಗದವರೂ ತಮ್ಮ ಪಕ್ಕದ ವಿಭಾಗದ ಅಳತೆಯನ್ನು ತಾವೇ ಓದಿ ಹೇಳಲಿ. ಸೇಲ್ಸ್‌ನವರ ಬಾಯಿಂದ ಕ್ವಾಲಿಟಿಯ ಅಳತೆ ಬಂದಾಗ ಕೋಣೆಯ ಬಿಸಿ ಸ್ವಲ್ಪ ಇಳಿಯುತ್ತದೆ.

ಮಾತಿನ ಸರದಿ ಹೀಗಿರಲಿ: ಅತಿ ಕಿರಿಯರು ಮೊದಲು, ಆಮೇಲೆ ವಿಭಾಗದ ಮುಖ್ಯಸ್ಥರು, ಕೊನೆಗೆ ನೀವು. ನಿಮ್ಮ ಅಭಿಪ್ರಾಯ ಮೊದಲು ಬಂದರೆ ಉಳಿದವರು ಅದರ ಸುತ್ತಲೇ ಮಾತು ಹೆಣೆಯುತ್ತಾರೆ.

ಈ ಹಂತ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ದುರಂತ ತೋರಿಸಿಕೊಟ್ಟಿದೆ. 1986ರ ಜನವರಿ 27ರ ಸಂಜೆ ನಾಸಾ ಮತ್ತು ಅದಕ್ಕೆ ರಾಕೆಟ್ ಮಾಡಿಕೊಡುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿ ಫೋನ್‌ನಲ್ಲಿ ಸಭೆ ನಡೆಸಿದವು. ಮರುದಿನ ಚಾಲೆಂಜರ್ ನೌಕೆ ಹಾರಬೇಕಿತ್ತು. ವಿಪರೀತ ಚಳಿ. ರಾಕೆಟ್‌ನ ಜೋಡಣೆಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಉಂಗುರಗಳು ಚಳಿಗೆ ಪೆಡಸಾಗುತ್ತವೆ, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 12 ಸೆಲ್ಸಿಯಸ್) ಕೆಳಗೆ ಹಾರಿಸಬೇಡಿ ಎಂದು ರೋಜರ್ ಬಾಯ್ಸ್‌ಜೋಲಿ ಮತ್ತು ಜೊತೆಗಿದ್ದ ಎಂಜಿನಿಯರ್‌ಗಳು ಹೇಳಿದರು. ನಾಸಾ ಕಡೆಯಿಂದ ಅಸಮಾಧಾನ ವ್ಯಕ್ತವಾಯಿತು. ಕಂಪನಿಯವರು ಸಭೆಯಿಂದ ಸ್ವಲ್ಪ ಹೊತ್ತು ಹೊರಗೆ ಬಂದು ತಮ್ಮೊಳಗೆ ಮಾತಾಡಿಕೊಂಡರು. ಎಂಜಿನಿಯರಿಂಗ್ ಉಪಾಧ್ಯಕ್ಷರಿಗೆ ಅವರ ಮೇಲಧಿಕಾರಿ, ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೊಳ್ಳಿ ಎಂದರು. ಕಂಪನಿ ತನ್ನ ಶಿಫಾರಸನ್ನು ಬದಲಿಸಿತು. ನೌಕೆ ಹಾರಿದ 73 ಸೆಕೆಂಡ್‌ಗಳಲ್ಲಿ ಛಿದ್ರವಾಯಿತು, ಏಳು ಮಂದಿಯೂ ಸತ್ತರು.

ನಮಗೆ ಇಲ್ಲಿ ಎರಡು ಪಾಠಗಳಿವೆ. 'ಇದು ಸುರಕ್ಷಿತ' ಎಂದು ಸಾಬೀತು ಮಾಡುವ ಹೊಣೆ ಹಾರಿಸುವವರ ಮೇಲೆ ಇರಬೇಕಿತ್ತು. ಆ ರಾತ್ರಿ ಅದು ತಿರುಗಿ, 'ಅಪಾಯ ಖಂಡಿತ' ಎಂದು ಸಾಬೀತು ಮಾಡುವ ಹೊಣೆಯಾಗಿ ಎಂಜಿನಿಯರ್‌ಗಳ ತಲೆಗೆ ಬಂತು. ನಿಮ್ಮ ಸಭೆಯಲ್ಲೂ "ಈ 300 ಪೀಸ್ ಫೇಲ್ ಆಗುತ್ತೆ ಅಂತ ಗ್ಯಾರಂಟಿ ಕೊಡ್ತೀರಾ?" ಎಂದು ಯಾರಾದರೂ ಕ್ವಾಲಿಟಿಯವರನ್ನು ಕೇಳಿದರೆ ತಕ್ಷಣ ತಡೆಯಿರಿ. ಎರಡನೆಯದು, ಎಂಜಿನಿಯರ್‌ಗಳು ಬೇಡ ಎಂದಿದ್ದ ಸಂಗತಿಯೇ ನಾಸಾದಲ್ಲಿ ಅಂತಿಮ ತೀರ್ಮಾನ ಮಾಡಿದವರವರೆಗೆ ತಲುಪಿರಲಿಲ್ಲ ಎಂದು ತನಿಖಾ ಆಯೋಗ ಹೇಳಿತು. ಆಕ್ಷೇಪ ಬಂದಿದ್ದರೆ ಅದನ್ನು ನಿಮ್ಮ ವರದಿಯಲ್ಲಿ ಕೈಬಿಡಬೇಡಿ. ನೀವು ಅದನ್ನು ಒಪ್ಪದಿದ್ದರೂ ಸರಿ.

ಜೀವ ಸುರಕ್ಷತೆ, ಕಾನೂನು, ಗ್ರಾಹಕರಿಗೆ ಸುಳ್ಳು ಹೇಳುವುದು, ಈ ಮೂರು ಚೌಕಾಸಿಗೆ ಬರುವುದೇ ಇಲ್ಲ ಎಂದು ಸಭೆಯ ಆರಂಭದಲ್ಲೇ ಹೇಳಿ. ಉಳಿದದ್ದಕ್ಕೆ ಮಾತ್ರ ಮಾತುಕತೆ.

4. ದಾರಿಗಳನ್ನು ಬೆಲೆ ಸಮೇತ ಇಡಿ

ಈಗ ನಮ್ಮ 2000 ಪೀಸ್‌ಗೆ ಬರೋಣ. ಕಳಿಸುವುದೋ ನಿಲ್ಲಿಸುವುದೋ ಎಂಬ ಎರಡೇ ದಾರಿ ಇದ್ದರೆ ಜಗಳ ಮುಗಿಯುವುದಿಲ್ಲ. ಮೂರನೆಯದು, ನಾಲ್ಕನೆಯದು ಬೇಕು. ಅದಕ್ಕೆ ಮಾಹಿತಿ ಬೇಕು, ಆ ಮಾಹಿತಿ ಸಾಮಾನ್ಯವಾಗಿ ಕೋಣೆಯ ಹೊರಗಿರುತ್ತದೆ.

ಸೇಲ್ಸ್‌ನವರು ಗ್ರಾಹಕರ ಖರೀದಿ ವಿಭಾಗಕ್ಕೆ ಸಭೆಯಿಂದಲೇ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಲಿ: "ನಿಮ್ಮ ಲೈನ್‌ಗೆ ದಿನಕ್ಕೆ ಎಷ್ಟು ಪೀಸ್ ಬೇಕು?" ಉತ್ತರ 400 ಎಂದು ಬಂತೆಂದುಕೊಳ್ಳಿ. ಸೋಮವಾರ ಲೈನ್ ಶುರುವಾದರೆ 1700 ಪೀಸ್ ಗುರುವಾರದ ಕೊನೆಯವರೆಗೂ ಸಾಕು, ಮೇಲೆ 100 ಉಳಿಯುತ್ತದೆ. ಹಾಗಾದರೆ ಶುಕ್ರವಾರ 1700 ಕಳಿಸಿ ಅಷ್ಟಕ್ಕೆ ಬಿಲ್ ಮಾಡಬಹುದು. ಉಳಿದ 300ನ್ನು ಸೋಮವಾರ, ಮಂಗಳವಾರ ಎರಡನೇ ಶಿಫ್ಟ್‌ನಲ್ಲಿ ರೀವರ್ಕ್ ಮಾಡಿ ಬುಧವಾರ ಕಳಿಸಬಹುದು. ಪ್ರೊಡಕ್ಷನ್‌ಗೆ ಒಂದು ಸೆಟ್ಟಿಂಗ್ ಬದಲಾವಣೆಯ ಸಮಯ ಹೋಗುತ್ತದೆ. ಎಚ್‌ಆರ್‌ಗೆ ಎರಡು ದಿನದ ಓಟಿ ಬೀಳುತ್ತದೆ. ಫೈನಾನ್ಸ್‌ಗೆ ಈ ತಿಂಗಳು 300 ಪೀಸ್‌ನ ಬಿಲ್ ತಪ್ಪುತ್ತದೆ.

ಇನ್ನೊಂದು ದಾರಿಯೂ ಇದೆ, ಡೀವಿಯೇಷನ್ ಕೇಳುವುದು. ಅಂದರೆ, ಅಳತೆ ಇಷ್ಟು ವ್ಯತ್ಯಾಸವಾಗಿದೆ, ಈ ಲಾಟ್‌ಗೆ (ಒಟ್ಟಿಗೆ ಕಳಿಸುವ ಈ ಮಾಲಿಗೆ) ಮಾತ್ರ ಒಪ್ಪುತ್ತೀರಾ ಎಂದು ಗ್ರಾಹಕರ ಕ್ವಾಲಿಟಿ ವಿಭಾಗದಿಂದ ಲಿಖಿತ ಅನುಮತಿ ಪಡೆಯುವುದು. ಇದನ್ನು ಕ್ವಾಲಿಟಿಯವರೇ ಕೇಳಬೇಕು, ಸೇಲ್ಸ್‌ನವರಲ್ಲ. ಬಾಯಿಮಾತಿನ ಒಪ್ಪಿಗೆ ಡೀವಿಯೇಷನ್ ಅಲ್ಲ.

ಪ್ರತಿ ದಾರಿಯ ಎದುರು ಅದರ ಬೆಲೆಯನ್ನು ಯಾರು ಕೊಡುತ್ತಾರೆ ಎಂದು ಬರೆಯಿರಿ. ಎಲ್ಲರಿಗೂ ಲಾಭವಾಗುವ ದಾರಿ ಪ್ರತಿ ಸಲ ಸಿಗುವುದಿಲ್ಲ. ಮಷಿನ್ ಸಾಲದೆ ಇದ್ದರೆ ಎಷ್ಟು ಚೆನ್ನಾಗಿ ಮಾತಾಡಿದರೂ ಪೀಸ್ ಹುಟ್ಟುವುದಿಲ್ಲ. ಆಗ ಒಂದು ಗುರಿಯನ್ನು ಈ ಸಲಕ್ಕೆ ಹಿಂದೆ ಇಡಲೇಬೇಕಾಗುತ್ತದೆ.

ಎಚ್ಚರ: ಪ್ರತಿ ತಿಂಗಳ ಕೊನೆಯಲ್ಲೂ ಡಿಸ್ಪ್ಯಾಚ್ ಗೆಲ್ಲುತ್ತಾ, ಪ್ರತಿ ತಿಂಗಳ ಮೊದಲ ವಾರದಲ್ಲಿ ಕ್ವಾಲಿಟಿ ಭಾಷಣ ನಡೆಯುತ್ತಾ ಇದ್ದರೆ, ಆಪರೇಟರ್‌ಗಳು ಯಾವುದು ನಿಜವಾದ ಗುರಿ ಎಂದು ಬಹಳ ಬೇಗ ಅರ್ಥಮಾಡಿಕೊಳ್ಳುತ್ತಾರೆ. ಗೋಡೆಯ ಮೇಲೆ ಹಚ್ಚಿದ ಕ್ವಾಲಿಟಿ ಪಾಲಿಸಿಯನ್ನು ಆಮೇಲೆ ಯಾರೂ ಓದುವುದಿಲ್ಲ.

5. ತೀರ್ಮಾನ ಹೇಳುವಾಗ ಬಿಟ್ಟುಕೊಟ್ಟದ್ದನ್ನೂ ಹೇಳಿ

ಯಾರ ಗುರಿ ಹಿಂದೆ ಬಿತ್ತೋ ಅವರಿಗೆ ಎಲ್ಲರಿಗಿಂತ ಮೊದಲು, ಮುಖತಃ ತಿಳಿಸಿ. ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಓದಿ ತಿಳಿಯುವ ಸ್ಥಿತಿ ಅವರಿಗೆ ಬರಬಾರದು. ಆಮೇಲೆ ಬರೆದು ಹಾಕಿ. ಐದು ಸಾಲು ಸಾಕು:

ತೀರ್ಮಾನ: ಶುಕ್ರವಾರ 1700, ಬುಧವಾರ 300.
ಕಾರಣ: ಗ್ರಾಹಕರಿಗೆ ದಿನಕ್ಕೆ 400 ಸಾಕು, 300ಕ್ಕೆ ರೀವರ್ಕ್ ಬೇಕು.
ಬಿಟ್ಟುಕೊಟ್ಟದ್ದು: ಸೋಮವಾರ, ಮಂಗಳವಾರ ಎರಡನೇ ಶಿಫ್ಟ್‌ನಲ್ಲಿ ಇನ್ನೊಂದು ಜಾಬ್ ಹಿಂದೆ ಬೀಳುತ್ತದೆ. ಇದು ಪ್ರೊಡಕ್ಷನ್‌ನ ತಪ್ಪೆಂದು ಲೆಕ್ಕಕ್ಕೆ ಬರುವುದಿಲ್ಲ.
ಯಾರು, ಯಾವಾಗ: ರೀವರ್ಕ್ ಪ್ರೊಡಕ್ಷನ್, ಮಂಗಳವಾರ ರಾತ್ರಿಯೊಳಗೆ. ತಪಾಸಣೆ ಕ್ವಾಲಿಟಿ, ಬುಧವಾರ ಬೆಳಿಗ್ಗೆ.
ಮತ್ತೆ ನೋಡುವುದು: ಬುಧವಾರ ಮಧ್ಯಾಹ್ನ.

ಮೂರನೆಯ ಸಾಲನ್ನು ಬರೆಯಲು ಮ್ಯಾನೇಜರ್‌ಗಳು ಹಿಂಜರಿಯುತ್ತಾರೆ. ಆದರೆ ಮುಂದಿನ ಸಲ ಪ್ರೊಡಕ್ಷನ್‌ನವರು ನಿಮಗೆ ನಿಜ ಹೇಳುವುದೋ "ಆಗುತ್ತೆ ಸರ್" ಅನ್ನುವುದೋ ಎಂಬುದನ್ನು ಈ ಸಾಲೇ ನಿರ್ಧರಿಸುತ್ತದೆ.

ವಾಟ್ಸ್ಆ್ಯಪ್ ಗ್ರೂಪ್ ಸುದ್ದಿ ಮುಟ್ಟಿಸಲು ಸರಿ, ವಾದಕ್ಕಲ್ಲ. ಅಲ್ಲಿ ವಾಗ್ವಾದ ಶುರುವಾದರೆ "ಇದನ್ನು ಮುಖಾಮುಖಿ ಮಾತಾಡೋಣ, ನಾಲ್ಕು ಗಂಟೆಗೆ" ಎಂದು ಒಂದೇ ಸಾಲು ಹಾಕಿ ನಿಲ್ಲಿಸಿ. ಇನ್ನೊಂದು ಮಾತು, ಇಂಗ್ಲಿಷ್ ಇಮೇಲ್ ಶಾಪ್ ಫ್ಲೋರ್‌ಗೆ ತಲುಪುವುದಿಲ್ಲ. ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಬಿಹಾರ ಒಡಿಶಾದಿಂದ ಬಂದವರು ಒಂದೇ ಲೈನ್‌ನಲ್ಲಿ ನಿಂತಿರುತ್ತಾರೆ. ಕನ್ನಡದಲ್ಲಿ ಬರೆದು ಮಷಿನ್ ಹತ್ತಿರದ ಬೋರ್ಡ್‌ಗೆ ಹಚ್ಚಿ, ಶಿಫ್ಟ್ ಬದಲಾಗುವಾಗ ಸೂಪರ್‌ವೈಸರ್ ಅದನ್ನು ಹಿಂದಿಯಲ್ಲೂ ಓದಿ ಹೇಳಲಿ.

6. ಅದೇ ಜಗಳ ಮತ್ತೆ ಬಂದರೆ ಅಳತೆಯನ್ನೇ ಬದಲಿಸಿ

ಒಂದೇ ಜಗಳ ಮೂರನೆಯ ಸಲ ಬಂತೆಂದರೆ ಇನ್ನೊಂದು ಸಭೆ ಕರೆಯಬೇಡಿ. ತಪ್ಪು ಟಾರ್ಗೆಟ್‌ನಲ್ಲಿದೆ. ಒಂದು ಅಂಕಿ ಇಟ್ಟರೆ ಅದು ಮಾಡಬಹುದಾದ ಹಾನಿಯನ್ನು ಹಿಡಿಯುವ ಇನ್ನೊಂದು ಅಂಕಿಯನ್ನೂ ಜೊತೆಗೇ ಇಡಬೇಕು ಎಂದು ಇಂಟೆಲ್ ಕಂಪನಿಯನ್ನು ಮುನ್ನಡೆಸಿದ ಆಂಡ್ರ್ಯೂ ಗ್ರೋವ್ ಹೇಳುತ್ತಿದ್ದರು. ಪ್ರೊಡಕ್ಷನ್‌ಗೆ ಬರೀ ಪೀಸ್ ಲೆಕ್ಕ ಬೇಡ, ಮೊದಲ ಸಲವೇ ಪಾಸಾದ ಪೀಸ್‌ಗಳ ಲೆಕ್ಕ ಇರಲಿ. ಕ್ವಾಲಿಟಿಗೆ ದೂರುಗಳ ಜೊತೆ, ತಡೆಹಿಡಿದ ಲಾಟ್‌ಗೆ ಎಷ್ಟು ಗಂಟೆಯಲ್ಲಿ ತೀರ್ಮಾನ ಕೊಟ್ಟರು ಎಂಬುದೂ ಸೇರಲಿ. ಸೇಲ್ಸ್‌ಗೆ ಆರ್ಡರ್ ಮೊತ್ತದ ಜೊತೆ, ಪ್ರೊಡಕ್ಷನ್‌ನವರನ್ನು ಕೇಳದೆ ಕೊಟ್ಟ ದಿನಾಂಕಗಳೆಷ್ಟು ಎಂಬುದು.

ಟಾರ್ಗೆಟ್ ಬದಲಿಸುವ ಅಧಿಕಾರ ಸಾಮಾನ್ಯವಾಗಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಮೇಲಕ್ಕೆ ಹೇಳುವುದೂ ಈ ಕೆಲಸದ ಭಾಗವೇ. ಕುಟುಂಬ ನಡೆಸುವ ಕಂಪನಿಗಳಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಎಂಡಿ ನೇರವಾಗಿ ಸೂಪರ್‌ವೈಸರ್‌ಗೆ ಫೋನ್ ಮಾಡಿ "ಮೊದಲು ಅದನ್ನ ಬಿಡು, ಇದನ್ನ ಹಾಕು" ಎಂದುಬಿಡುತ್ತಾರೆ. ಐದು ಸಾಲಿನ ತೀರ್ಮಾನ ಅಲ್ಲಿಗೆ ಮುಗಿಯಿತು. ಅವರ ಮೇಲೆ ಕೋಪ ಮಾಡಿಕೊಂಡು ಉಪಯೋಗವಿಲ್ಲ, ಅವರಿಗೂ ಗ್ರಾಹಕರಿಂದ ಫೋನ್ ಬಂದಿರುತ್ತದೆ. ಸೂಪರ್‌ವೈಸರ್‌ಗೆ ಒಂದು ಉತ್ತರ ಹೇಳಿಕೊಡಿ: "ಮಾಡ್ತೀನಿ ಸರ್, ಇದನ್ನ ಹಾಕಿದರೆ ಬುಧವಾರದ 300 ನಿಲ್ಲುತ್ತೆ. ಮ್ಯಾನೇಜರ್‌ಗೆ ಹೇಳಿ ಹತ್ತು ನಿಮಿಷದಲ್ಲಿ ತಿಳಿಸ್ತೀನಿ." ಇದರಲ್ಲಿ ಅವಿಧೇಯತೆ ಇಲ್ಲ, ಬೆಲೆ ಮಾತ್ರ ಇದೆ.

ನೀವು ಎಂಡಿ ಹತ್ತಿರ ಹೋಗುವಾಗ ವಿಭಾಗಗಳ ಮೇಲೆ ದೂರು ಒಯ್ಯಬೇಡಿ. "ಸೇಲ್ಸ್‌ನವರು ಕೇಳುವುದೇ ಇಲ್ಲ" ಎಂದರೆ ಅವರು ಸೇಲ್ಸ್‌ನವರನ್ನು ಕರೆದು ಬೈಯುತ್ತಾರೆ, ಟಾರ್ಗೆಟ್ ಹಾಗೇ ಉಳಿಯುತ್ತದೆ. ಜಗಳಗಳ ಪಟ್ಟಿಯಿಂದ ಒಂದೇ ಬಗೆಯ ಮೂರು ಪ್ರಸಂಗ ಆರಿಸಿ, ಪ್ರತಿಯೊಂದಕ್ಕೂ ಓಟಿ, ರೀವರ್ಕ್, ತಡವಾದ ಬಿಲ್ ಸೇರಿ ಎಷ್ಟು ದುಡ್ಡು ಹೋಯಿತು ಎಂದು ಫೈನಾನ್ಸ್‌ನವರಿಂದಲೇ ಲೆಕ್ಕ ಹಾಕಿಸಿ, ಒಂದು ಹಾಳೆಯಲ್ಲಿ ತೆಗೆದುಕೊಂಡು ಹೋಗಿ. ಕೆಳಗೆ ಒಂದೇ ಪ್ರಶ್ನೆ ಬರೆಯಿರಿ: "ಸರ್, ತಿಂಗಳ ಕೊನೆಯಲ್ಲಿ ಡಿಸ್ಪ್ಯಾಚ್ ಮತ್ತು ಕ್ವಾಲಿಟಿ ಎರಡೂ ಒಟ್ಟಿಗೆ ಆಗದಿದ್ದಾಗ ಯಾವುದು ಮೊದಲು? ಇದನ್ನು ನೀವೇ ಎಲ್ಲ ವಿಭಾಗದವರ ಮುಂದೆ ಒಮ್ಮೆ ಹೇಳಬೇಕು." ಉತ್ತರ ಬಂದ ದಿನವೇ ಅದನ್ನು ಟಾರ್ಗೆಟ್ ಹಾಳೆಯ ಮೇಲ್ಭಾಗದಲ್ಲಿ ಬರೆದು ಎಲ್ಲ ವಿಭಾಗಗಳಿಗೂ ಕೊಡಿ.